ಕೋಡ್ ಬರೆದು ಅಮೂರ್ತ ಚಿತ್ರ: ಆಕಸ್ಮಿಕಕ್ಕೆ ಎಷ್ಟು ಜಾಗ ಬಿಡಬೇಕು?

ಪ್ರಶ್ನೆ: ನನಗೆ ಜಾವಾಸ್ಕ್ರಿಪ್ಟ್ ತಕ್ಕಮಟ್ಟಿಗೆ ಬರುತ್ತದೆ. ಬ್ರೌಸರಿನಲ್ಲಿ ಚಿತ್ರ ಬಿಡಿಸುವ ಪಿ5 ಜೆಎಸ್ ಲೈಬ್ರರಿ ಬಳಸಿ ಅಮೂರ್ತ ಚಿತ್ರ ಮಾಡಲು ಕೂತಿದ್ದೇನೆ. ಪರದೆಯ ತುಂಬ ವೃತ್ತ, ಗೆರೆಗಳು ಎಲ್ಲೆಂದರಲ್ಲಿ, ಮನಸ್ಸಿಗೆ ಬಂದ ಬಣ್ಣದಲ್ಲಿ ಬರುವಂತೆ ಬರೆದೆ. ಪ್ರತಿ ಸಲ ಹೊಸ ಚಿತ್ರ ಬರುತ್ತದೆ, ಆದರೆ ಪ್ರತಿ ಸಲವೂ ಅದೇ ಗಲಿಬಿಲಿ. ಬೇರೆಯವರ ಕೆಲಸದಲ್ಲಿರುವ ಬಿಗಿ ನನ್ನದರಲ್ಲಿ ಕಾಣುವುದಿಲ್ಲ. ಇದಕ್ಕೆ ಇನ್ನೂ ಗಣಿತ ಕಲಿಯಬೇಕೆ? ಕೈಯಲ್ಲಿ ಚಿತ್ರ ಬಿಡಿಸಲು ಬಾರದವರಿಗೂ ಇದು ಸಾಧ್ಯವೆ? ಕಂಪ್ಯೂಟರ್ ಬಿಡಿಸಿದ್ದನ್ನು ನನ್ನ ಚಿತ್ರ ಎನ್ನಬಹುದೆ? ಕೊನೆಯದಾಗಿ, ದೊಡ್ಡದಾಗಿ ಮುದ್ರಿಸಲು ಹೋದರೆ ಗೆರೆಗಳೆಲ್ಲ ಕೂದಲಿನಷ್ಟು ಸಣ್ಣಗಾಗಿ ಚಿತ್ರವೇ ಬದಲಾಗುತ್ತದೆ. ಯಾಕೆ?

ಉತ್ತರ: ಪ್ರತಿ ಸಲ ಹೊಸ ಚಿತ್ರ, ಪ್ರತಿ ಸಲವೂ ಅದೇ ಗಲಿಬಿಲಿ ಎಂದಿದ್ದೀರಿ. ತೊಂದರೆಯ ಮೂಲ ಆ ಮಾತಿನಲ್ಲೇ ಇದೆ. ವೃತ್ತ ಎಲ್ಲಿ ಕೂರಬೇಕು, ಎಷ್ಟು ದೊಡ್ಡದಿರಬೇಕು, ಯಾವ ಬಣ್ಣದ್ದಿರಬೇಕು ಎಂಬ ಮೂರನ್ನೂ ನೀವು ಪೂರ್ತಿಯಾಗಿ, ಮನಬಂದ ಸಂಖ್ಯೆ ಕೊಡುವ ರ‍್ಯಾಂಡಮ್ ಕೈಗೆ ಕೊಟ್ಟಿದ್ದೀರಿ. ಹಾಗೆ ಕೊಟ್ಟಾಗ ಒಂದೊಂದು ವೃತ್ತದ ಜಾಗ ಬದಲಾಗುತ್ತದೆ ನಿಜ, ಆದರೆ ಒಟ್ಟು ಹರವು ಬದಲಾಗುವುದಿಲ್ಲ. ಸಾವಿರ ವೃತ್ತಗಳನ್ನು ಸಮನಾಗಿ ಚೆಲ್ಲಿದ ಒಂದು ಪರದೆಗೂ ಇನ್ನೊಂದು ಪರದೆಗೂ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದು. ಕಣ್ಣು ನೋಡುವುದು ಎಲ್ಲಿ ದಟ್ಟ, ಎಲ್ಲಿ ಖಾಲಿ, ಯಾವ ಕಡೆ ಓಟ, ಎಲ್ಲಿ ತಡೆ ಎಂಬುದನ್ನು. ಅವು ಯಾವುವೂ ನಿಮ್ಮ ಕೋಡಿನಲ್ಲಿ ಇಲ್ಲ.

ಹಾಗಾಗಿ ನಿಮಗೆ ಬೇಕಾದದ್ದು ಇನ್ನಷ್ಟು ಗಣಿತವೂ ಅಲ್ಲ, ಇನ್ನಷ್ಟು ರ‍್ಯಾಂಡಮ್ಮೂ ಅಲ್ಲ. ಆಕಸ್ಮಿಕಕ್ಕೆ ಯಾವ ಬಾಗಿಲು ತೆರೆಯಬೇಕು, ಎಷ್ಟು ತೆರೆಯಬೇಕು ಎಂದು ಒಂದೊಂದು ಅಳತೆಗೂ ಬೇರೆ ಬೇರೆಯಾಗಿ ತೀರ್ಮಾನಿಸುವುದು ಬೇಕು. ಈ ಕಲೆಯಲ್ಲಿ ಕಲಾವಿದನ ಕೈ ಕಾಣುವುದು ಅಲ್ಲಿಯೇ ಎಂದು ನಾನು ನಂಬುತ್ತೇನೆ. ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಚಿತ್ರವನ್ನು ಜೊತೆಗೂಡಿ ಕಟ್ಟೋಣ.

ಜರ್ಮನಿಯ ಗೇಯಾರ್ಗ್ ನೀಸ್ ಕಂಪ್ಯೂಟರ್ ಚಿತ್ರಗಳನ್ನು ಜನರ ಮುಂದಿಟ್ಟ ಮೊದಲಿಗರಲ್ಲಿ ಒಬ್ಬರು. 1965ರ ಫೆಬ್ರವರಿಯಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಅವರ ಪ್ರದರ್ಶನ ನಡೆಯಿತು. ಅವರ ‘ಶಾಟರ್’ ಎಂಬ ಚಿತ್ರ 1968ರ ಸುಮಾರಿನದು. ಅಡ್ಡಕ್ಕೆ 12, ಉದ್ದಕ್ಕೆ 22 ಚೌಕಗಳು. ಮೇಲಿನ ಸಾಲು ನೆಟ್ಟಗೆ ನಿಂತಿದೆ. ಕೆಳಗಿಳಿದ ಹಾಗೆ ಚೌಕಗಳು ಓರೆಯಾಗುತ್ತವೆ, ಜಾಗ ತಪ್ಪುತ್ತವೆ, ಕಟ್ಟಕಡೆಯ ಸಾಲುಗಳಲ್ಲಿ ಕುಸಿದು ಬಿದ್ದ ಹಾಗೆ ಒಂದರ ಮೇಲೊಂದು ಹೊರಳುತ್ತವೆ. ಬಣ್ಣವಿಲ್ಲ, ಬರೀ ಗೆರೆ. ಐವತ್ತು ವರ್ಷ ದಾಟಿದರೂ ಹೊಸಬರಿಗೆ ಕೊಡಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಇದನ್ನು ನೀವೇ ಬರೆಯಿರಿ. ನೀಸ್ ಬಳಸಿದ ಸೂತ್ರವೇ ಬೇಕೆಂದಿಲ್ಲ, ಅದೇ ತತ್ವ ಸಾಕು. ಒಂದು ಚೌಕದ ಬದಿ 30 ಪಿಕ್ಸೆಲ್ ಇರಲಿ. ಆಗ 12 ಚೌಕಗಳಿಗೆ 360, 22 ಸಾಲುಗಳಿಗೆ 660. ಸುತ್ತ 60 ಪಿಕ್ಸೆಲ್ ಅಂಚು ಬಿಟ್ಟರೆ ಕ್ಯಾನ್ವಾಸ್ 480ಕ್ಕೆ 780. ಒಂದರೊಳಗೊಂದು ಎರಡು ಲೂಪ್ ಸಾಕು: ಹೊರಗಿನದು ಸಾಲಿಗೆ, ಒಳಗಿನದು ಕಾಲಂಗೆ. ಸಾಲಿನ ಸಂಖ್ಯೆ 0ಯಿಂದ 21ರವರೆಗೆ ಓಡುತ್ತದೆ. ಅದನ್ನು 21ರಿಂದ ಭಾಗಿಸಿ. ಮೇಲಿನ ಸಾಲಿಗೆ 0, ಕೆಳಗಿನ ಸಾಲಿಗೆ 1 ಎಂಬ ಒಂದು ಸಂಖ್ಯೆ ಕೈಗೆ ಬರುತ್ತದೆ. ಅದಕ್ಕೆ ‘ಕದಲಿಕೆ’ ಎಂದು ಹೆಸರಿಡೋಣ. ಪ್ರತಿ ಚೌಕಕ್ಕೂ ಮೈನಸ್ 45ರಿಂದ ಪ್ಲಸ್ 45 ಡಿಗ್ರಿಯೊಳಗೆ ಒಂದು ರ‍್ಯಾಂಡಮ್ ಕೋನ ತೆಗೆದು ಕದಲಿಕೆಯಿಂದ ಗುಣಿಸಿ. ಅಡ್ಡಕ್ಕೂ ಉದ್ದಕ್ಕೂ ಮೈನಸ್ 15ರಿಂದ ಪ್ಲಸ್ 15 ಪಿಕ್ಸೆಲ್‌ವರೆಗೆ ಒಂದೊಂದು ರ‍್ಯಾಂಡಮ್ ಸರಿತ (ಚೌಕ ತನ್ನ ಜಾಗದಿಂದ ಸರಿಯುವ ದೂರ) ತೆಗೆದು ಅದನ್ನೂ ಕದಲಿಕೆಯಿಂದ ಗುಣಿಸಿ. ಚೌಕ ಬರೆಯಿರಿ. ಮುಗಿಯಿತು.

ಬರೆಯುವಾಗ ಎರಡು ಕಡೆ ಎಚ್ಚರ. ಪಿ5ರಲ್ಲಿ ರೊಟೇಟ್ ಎಂದರೆ ಚೌಕ ತನ್ನಷ್ಟಕ್ಕೆ ತಿರುಗುವುದಿಲ್ಲ, ಇಡೀ ಹಾಳೆ ಮೂಲಬಿಂದುವಿನ ಸುತ್ತ ತಿರುಗುತ್ತದೆ. ಮೂಲಬಿಂದು ಇರುವುದು ಮೇಲಿನ ಎಡಮೂಲೆಯಲ್ಲಿ. ಹಾಗಾಗಿ ಮೊದಲು ಪುಶ್ (ಈಗಿನ ಸ್ಥಿತಿ ಉಳಿಸುವುದು), ಆಮೇಲೆ ಮೂಲಬಿಂದುವನ್ನು ಚೌಕದ ನಡುಮಧ್ಯಕ್ಕೆ ಸರಿಸುವ ಟ್ರಾನ್ಸ್‌ಲೇಟ್, ಆಮೇಲೆ ರೊಟೇಟ್, ಚೌಕವನ್ನು ನಡುವಿನಿಂದ ಅಳೆದು ಬರೆಯುವುದು, ಕೊನೆಗೆ ಪಾಪ್ (ಉಳಿಸಿದ ಸ್ಥಿತಿಗೆ ಮರಳುವುದು). ಈ ಕ್ರಮ ತಪ್ಪಿದರೆ ಚೌಕಗಳು ಪರದೆಯಾಚೆ ಹಾರಿಹೋಗುತ್ತವೆ. ಇನ್ನೊಂದು, ಕೋನವನ್ನು ಪಿ5 ರೇಡಿಯನ್‌ನಲ್ಲಿ ಕೇಳುತ್ತದೆ. ಡಿಗ್ರಿ ಬೇಕಿದ್ದರೆ ಆ್ಯಂಗಲ್‌ಮೋಡ್ ಅನ್ನು ಮೊದಲೇ ಬದಲಿಸಿಕೊಳ್ಳಿ.

ಚಿತ್ರ ಬಂದ ಮೇಲೆ ಪಾಠ ಶುರುವಾಗುತ್ತದೆ. ಕದಲಿಕೆಯನ್ನು ಅದರಿಂದಲೇ ಗುಣಿಸಿ ವರ್ಗ ಮಾಡಿ ನೋಡಿ. ನಡುವಿನ ಸಾಲಿನಲ್ಲಿ ಮೊದಲು 0.5 ಇದ್ದದ್ದು ಈಗ 0.25 ಆಗುತ್ತದೆ. ಮೇಲಿನ ಅರ್ಧ ಹೆಚ್ಚುಕಡಿಮೆ ಶಾಂತವಾಗಿ ಉಳಿದು, ಕುಸಿತ ಕೆಳಗೆ ಒಮ್ಮೆಗೇ ಆದಂತೆ ಕಾಣುತ್ತದೆ. ವರ್ಗಮೂಲ ಹಾಕಿದರೆ ಉಲ್ಟಾ: ಎರಡನೇ ಸಾಲಿನಿಂದಲೇ ಎಲ್ಲ ಅದುರಲು ತೊಡಗುತ್ತದೆ. ಕೋನವನ್ನು ತೆಗೆದುಹಾಕಿ ಬರೀ ಸರಿತ ಉಳಿಸಿದರೆ ಚಿತ್ರ ತೇಲುತ್ತದೆ. ಸರಿತ ತೆಗೆದು ಬರೀ ಕೋನ ಉಳಿಸಿದರೆ ನಡುಗುತ್ತದೆ. ಕದಲಿಕೆಯನ್ನು ಸಾಲಿಗೆ ಕಟ್ಟುವ ಬದಲು ಕ್ಯಾನ್ವಾಸಿನ ಒಂದು ಬಿಂದುವಿನಿಂದ ಇರುವ ದೂರಕ್ಕೆ ಕಟ್ಟಿದರೆ, ಅಲ್ಲೇನೋ ಬಂದು ಅಪ್ಪಳಿಸಿದಂತಿರುತ್ತದೆ. ಇಷ್ಟೆಲ್ಲ ಭಾವ ಬದಲಾದದ್ದು ಒಂದೇ ಸಾಲಿನ ಕೋಡಿನಿಂದ, ಮತ್ತು ಇದರಲ್ಲಿ ಎಲ್ಲೂ ರ‍್ಯಾಂಡಮ್ ಹೆಚ್ಚಾಗಿಲ್ಲ. ಅದಕ್ಕೆ ಹಾಕಿದ ಮಿತಿಯ ಆಕಾರವಷ್ಟೇ ಬದಲಾಯಿತು.

ಈ ದಾರಿಯಲ್ಲಿ ಬಹಳ ದೂರ ಹೋದವರು ವೆರಾ ಮೋಲ್ನಾರ್. 1924ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, 1947ರಲ್ಲಿ ಪ್ಯಾರಿಸ್‌ಗೆ ಬಂದು ನೆಲೆಸಿ, 2023ರ ಕೊನೆಯಲ್ಲಿ ತೀರಿಕೊಂಡರು. ಕಂಪ್ಯೂಟರ್ ಕೈಗೆ ಸಿಗುವ ಮೊದಲೇ, 1959ರ ಹೊತ್ತಿಗೆ, ಕಾಲ್ಪನಿಕ ಯಂತ್ರವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ನಿಯಮಗಳನ್ನು ಹೆಜ್ಜೆ ಹೆಜ್ಜೆಯಾಗಿ ಕೈಯಿಂದಲೇ ಪಾಲಿಸಿ ಬಿಡಿಸುತ್ತಿದ್ದರು. ನಿಜವಾದ ಕಂಪ್ಯೂಟರ್ ಸಿಕ್ಕಿದ್ದು 1968ರಲ್ಲಿ. ಶೇಕಡಾ ಒಂದರಷ್ಟು ಅಸ್ತವ್ಯಸ್ತತೆ ಎಂಬುದು ಅವರ ಕೆಲಸದ ಜೊತೆಗೇ ಬರುವ ಮಾತು. ಕಟ್ಟುನಿಟ್ಟಾದ ಚೌಕಗಳ ಸಾಲಿಗೆ ಅಷ್ಟೇ ಅಷ್ಟು ಕದಲಿಕೆ ಸೇರಿಸಿ, ಕಣ್ಣು ಎಲ್ಲಿ ಎಚ್ಚೆತ್ತುಕೊಳ್ಳುತ್ತದೆ ಎಂದು ನೋಡುವುದು ಅವರ ರೀತಿ. ಒಂದು ಸಲಕ್ಕೆ ಒಂದೇ ಅಳತೆಯನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ, ಸಾಲಾಗಿ ಜೋಡಿಸಿ ಹೋಲಿಸುತ್ತಿದ್ದರು. ನಿಮ್ಮ ಕೋಡಿನಲ್ಲಿರುವ ಶೇಕಡಾ ನೂರನ್ನು ಅವರ ಒಂದರ ಪಕ್ಕದಲ್ಲಿಟ್ಟು ಯೋಚಿಸಿ.

ಇನ್ನು ರ‍್ಯಾಂಡಮ್ ಎಂಬುದರ ಒಳಗೇ ಬಗೆಗಳಿವೆ. ನೀವು ಬಳಸುತ್ತಿರುವುದು ಎಲ್ಲ ಬೆಲೆಗಳಿಗೂ ಸಮಾನ ಅವಕಾಶ ಕೊಡುವ ಬಗೆ. ಗಾತ್ರಕ್ಕೆ ಅದು ಒಗ್ಗುವುದೇ ಇಲ್ಲ. 4ರಿಂದ 200 ಪಿಕ್ಸೆಲ್‌ವರೆಗೆ ಸಮಾನವಾಗಿ ಕೇಳಿದರೆ ಅರ್ಧಕ್ಕರ್ಧ ವೃತ್ತಗಳು 102ಕ್ಕಿಂತ ದೊಡ್ಡವು. ಅವು ಪರದೆಯನ್ನು ನುಂಗಿಬಿಡುತ್ತವೆ. 0ಯಿಂದ 1ರೊಳಗೆ ಒಂದು ರ‍್ಯಾಂಡಮ್ ಸಂಖ್ಯೆ ತೆಗೆದು, ಅದರ ಘನ ಮಾಡಿ, ಆಮೇಲೆ ಅದನ್ನು 4ರಿಂದ 200ಕ್ಕೆ ಹಿಗ್ಗಿಸಿ. ಈಗ ಅರ್ಧಕ್ಕರ್ಧ ವೃತ್ತಗಳು ಸುಮಾರು 28 ಪಿಕ್ಸೆಲ್‌ಗಿಂತ ಚಿಕ್ಕವು. ಬೆರಳೆಣಿಕೆಯಷ್ಟು ದೊಡ್ಡವು, ಒಂದಿಷ್ಟು ನಡುತರ, ಉಳಿದದ್ದೆಲ್ಲ ಪುಡಿ. ನದಿದಡದ ಕಲ್ಲುಗಳೂ ಸುಮಾರು ಹೀಗೇ ಹರಡಿರುತ್ತವೆ, ಅದಕ್ಕೇ ಕಣ್ಣಿಗೆ ಒಪ್ಪುತ್ತದೆ. ಗೆರೆ ಸ್ವಲ್ಪ ನಡುಗಿದಂತೆ ಇರಲಿ ಎಂದಾದರೆ ರ‍್ಯಾಂಡಮ್‌ಗಾಸಿಯನ್ ಬಳಸಿ. ಹೆಚ್ಚಿನ ಬೆಲೆಗಳು ಸರಾಸರಿಯ ಹತ್ತಿರವೇ ಇದ್ದು, ಎಲ್ಲೋ ಒಂದು ದೂರ ಜಿಗಿಯುತ್ತದೆ.

ಜಾಗದ ವಿಷಯವೂ ಹೀಗೆಯೇ. ಪೂರ್ತಿ ರ‍್ಯಾಂಡಮ್ ಆಗಿ ಚೆಲ್ಲಿದ ಚುಕ್ಕೆಗಳು ಅಲ್ಲಲ್ಲಿ ಗುಂಪುಗೂಡುತ್ತವೆ, ಅಲ್ಲಲ್ಲಿ ತೂತು ಬಿಡುತ್ತವೆ. ಅದು ರ‍್ಯಾಂಡಮ್‌ನ ಸಹಜ ಗುಣ. ಸಮನಾಗಿ ಹರಡಿದಂತಿರಬೇಕು ಆದರೆ ಸಾಲಾಗಿ ಕಾಣಬಾರದು ಎಂದಾದರೆ, ಹೊಸ ಚುಕ್ಕೆ ಈಗಾಗಲೇ ಇರುವ ಯಾವ ಚುಕ್ಕೆಗೂ ಇಂತಿಷ್ಟು ಹತ್ತಿರ ಬಂದರೆ ಅದನ್ನು ಬಿಟ್ಟುಬಿಡಿ ಎಂಬ ಒಂದು ಷರತ್ತು ಸಾಕು. ಇದನ್ನು ಪಾಯ್ಸನ್ ಡಿಸ್ಕ್ ಸ್ಯಾಂಪ್ಲಿಂಗ್ ಎನ್ನುತ್ತಾರೆ. ರಾಬರ್ಟ್ ಬ್ರಿಡ್ಸನ್ 2007ರಲ್ಲಿ ಅದನ್ನು ಬೇಗ ಮಾಡುವ ಒಂದು ಸರಳ ವಿಧಾನ ಕೊಟ್ಟರು. ಕೆಲವು ಸಾವಿರ ಚುಕ್ಕೆಗಳವರೆಗೆ ಪ್ರತಿಯೊಂದನ್ನೂ ಹೋಲಿಸಿ ನೋಡುವ ಮೊದ್ದು ವಿಧಾನವೂ ನಡೆಯುತ್ತದೆ. ಚುಕ್ಕೆಯ ಬದಲು ವೃತ್ತಗಳಿಗೆ ಇದೇ ಷರತ್ತು ಹಾಕಿ, ದೊಡ್ಡವನ್ನು ಮೊದಲು, ಚಿಕ್ಕವನ್ನು ಆಮೇಲೆ ಕೂರಿಸುತ್ತ ಹೋದರೆ ಸಂದುಗೊಂದುಗಳೆಲ್ಲ ತುಂಬಿ ಚಿತ್ರ ಬಿಗಿಯಾಗುತ್ತದೆ. ನೀವು ಕೇಳಿದ ಬಿಗಿ ಎಷ್ಟೋ ಚಿತ್ರಗಳಲ್ಲಿ ಬರೀ ಈ ‘ತಾಗಬಾರದು’ ಎಂಬ ನಿಯಮದಿಂದಲೇ ಬಂದಿರುತ್ತದೆ.

ಇಷ್ಟಾದ ಮೇಲೆ ನಾಯ್ಸ್‌ಗೆ ಬನ್ನಿ. ರ‍್ಯಾಂಡಮ್ ಕೊಡುವ ಸಂಖ್ಯೆಗೂ ಅದರ ಹಿಂದಿನ ಸಂಖ್ಯೆಗೂ ಸಂಬಂಧವಿಲ್ಲ. ನಾಯ್ಸ್‌ನಲ್ಲಿ ಅಕ್ಕಪಕ್ಕದ ಬಿಂದುಗಳು ಅಕ್ಕಪಕ್ಕದ ಬೆಲೆಗಳನ್ನೇ ಪಡೆಯುತ್ತವೆ, ಆದರೂ ದೂರದಲ್ಲಿ ಏನಾಗುತ್ತದೆ ಎಂದು ಹೇಳಲಾಗದು. ಇದನ್ನು ಕೊಟ್ಟವರು ಕೆನ್ ಪರ್ಲಿನ್. 1982ರ ‘ಟ್ರಾನ್’ ಸಿನಿಮಾಕ್ಕೆ ದುಡಿದವರಲ್ಲಿ ಅವರೂ ಒಬ್ಬರು. ಆಗಿನ ಕಂಪ್ಯೂಟರ್ ಚಿತ್ರಗಳ ಯಂತ್ರದಂಥ ನುಣುಪು ಅವರಿಗೆ ಹಿಡಿಸದೆ ಈ ವಿಧಾನಕ್ಕೆ ಕೈಹಾಕಿದರು. 1985ರಲ್ಲಿ ಅದರ ಪ್ರಬಂಧ ಬಂತು, 1997ರಲ್ಲಿ ಆಸ್ಕರ್ ಕೊಡುವ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ಮೋಡ, ಅಮೃತಶಿಲೆ, ಬೆಟ್ಟ, ಹೊಗೆ ಹೀಗೆ ಸಿನಿಮಾ ಮತ್ತು ಆಟಗಳಲ್ಲಿ ನೋಡುವ ಎಷ್ಟೋ ಮೇಲ್ಮೈಗಳ ಹಿಂದೆ ಇದಿದೆ. ಪಿ5ರ ನಾಯ್ಸ್ ಫಂಕ್ಷನ್ ಕೂಡ ಅದೇ ಕುಲದ್ದು.

ಅಮೂರ್ತ ಚಿತ್ರಕ್ಕೆ ಇದರ ಅತಿ ದೊಡ್ಡ ಉಪಯೋಗ ಫ್ಲೋ ಫೀಲ್ಡ್, ಅಂದರೆ ಹರಿವಿನ ಬಯಲು. ಕ್ಯಾನ್ವಾಸಿನ ಪ್ರತಿ ಬಿಂದುವಿಗೂ ಒಂದು ದಿಕ್ಕು ಇದೆ ಎಂದುಕೊಳ್ಳಿ. ಆ ದಿಕ್ಕನ್ನು ನಾಯ್ಸ್ ಹೇಳುತ್ತದೆ. ಒಂದು ಕಡೆಯಿಂದ ಹೊರಟು, ಅಲ್ಲಿನ ದಿಕ್ಕಿನಲ್ಲಿ 2 ಪಿಕ್ಸೆಲ್ ನಡೆದು, ಹೊಸ ಜಾಗದ ದಿಕ್ಕು ಕೇಳಿ, ಮತ್ತೆ 2 ಪಿಕ್ಸೆಲ್ ನಡೆಯುವುದು. ಇಂಥ 150 ಹೆಜ್ಜೆ ಸೇರಿದರೆ 300 ಪಿಕ್ಸೆಲ್ ಉದ್ದದ ಒಂದು ಬಾಗಿದ ಗೆರೆ. ಹೀಗೆ ಸಾವಿರಾರು ಗೆರೆಗಳು. ಹೆಜ್ಜೆ ಹಾಕಲು ಬೇಕಾದ ಗಣಿತ ಇಷ್ಟೇ: ಅಡ್ಡಕ್ಕೆ ಕೋನದ ಕೊಸೈನ್, ಉದ್ದಕ್ಕೆ ಸೈನ್, ಎರಡನ್ನೂ ಹೆಜ್ಜೆಯ ಉದ್ದದಿಂದ ಗುಣಿಸುವುದು.

ಇಲ್ಲಿ ಹೊಸಬರು ಸಿಕ್ಕಿಬೀಳುವ ಎರಡು ಜಾಗಗಳಿವೆ. ಪಿಕ್ಸೆಲ್ ಸಂಖ್ಯೆಗಳನ್ನು ಹಾಗೆಯೇ ನಾಯ್ಸ್‌ಗೆ ಕೊಟ್ಟರೆ ನಯವೆಲ್ಲ ಮಾಯವಾಗಿ ಗೆರೆ ಗಕ್ಕನೆ ಗಕ್ಕನೆ ತಿರುಗುತ್ತದೆ, ಏಕೆಂದರೆ ನಾಯ್ಸ್ ಪ್ರತಿ ಪೂರ್ಣಾಂಕಕ್ಕೂ ಹೊಸ ಬೆಲೆಗೆ ಹೊರಳುತ್ತದೆ. ಮೊದಲು 0.005ರಿಂದ ಗುಣಿಸಿ. ಆಗ 200 ಪಿಕ್ಸೆಲ್ ದೂರಕ್ಕೆ ಒಂದು ಪೂರ್ಣಾಂಕ ಮುಗಿಯುತ್ತದೆ, ತಿರುವುಗಳು ಅಗಲವಾಗುತ್ತವೆ. 0.001 ಎಂದರೆ ಇಡೀ ಹಾಳೆಯಲ್ಲಿ ಒಂದೇ ಸಾವಧಾನದ ಬಾಗು, 0.02 ಎಂದರೆ ಸುಳಿಗಳ ಸಂತೆ. ಎರಡನೆಯದು ಹೆಚ್ಚು ಜನರನ್ನು ಕಾಡುತ್ತದೆ: ನಾಯ್ಸ್‌ನ ಬೆಲೆಯನ್ನು ಪೂರ್ತಿ ಸುತ್ತಿನಿಂದ, ಅಂದರೆ 360 ಡಿಗ್ರಿಯಿಂದ ಗುಣಿಸಿದರೂ ಗೆರೆಗಳೆಲ್ಲ ಎಡಕ್ಕೇ ಓಡುತ್ತವೆ. ಪಿ5ರ ನಾಯ್ಸ್ 0ಯಿಂದ 1ರೊಳಗೆ ಬೆಲೆ ಕೊಡುತ್ತದಾದರೂ ತುದಿಗಳನ್ನು ಮುಟ್ಟುವುದು ಅಪರೂಪ, ಅರ್ಧದ ಆಸುಪಾಸಿನಲ್ಲೇ ಸುಳಿದಾಡುತ್ತದೆ. 360ರ ಅರ್ಧ 180, ಅದು ಎಡದಿಕ್ಕು. 720ರಿಂದ ಗುಣಿಸಿದರೆ ಕೋನಗಳು ಇನ್ನಷ್ಟು ಹರಡಿಕೊಂಡು ಗೆರೆಗಳು ಎಲ್ಲ ಕಡೆಗೂ ಹೊರಳುತ್ತವೆ. ಅಥವಾ ಈ ವಾಲುವಿಕೆಯನ್ನೇ ಬೇಕೆಂದು ಇಟ್ಟುಕೊಂಡು, ಮೇಲೊಂದು ಕೋನ ಕೂಡಿಸಿ ಇಡೀ ಹರಿವನ್ನು ನಿಮಗೆ ಬೇಕಾದ ದಿಕ್ಕಿಗೆ ತಿರುಗಿಸಿಕೊಳ್ಳಿ. ನನಗೆ ಹಿಡಿಸುವುದು ಇದು. ಒಂದು ದಿಕ್ಕಿನ ಒಲವಿರುವ ಚಿತ್ರಕ್ಕೆ ಗಾಳಿ ಇರುತ್ತದೆ.

ಆದರೆ ಫ್ಲೋ ಫೀಲ್ಡನ್ನು ಹೀಗೆ ಬರೆದು ಅಲ್ಲಿಗೇ ನಿಲ್ಲಿಸಿದರೆ ಎಲ್ಲರ ಚಿತ್ರದಂತೆಯೇ ನಿಮ್ಮದೂ ಇರುತ್ತದೆ. ಟೈಲರ್ ಹಾಬ್ಸ್ 2021ರಲ್ಲಿ ಹೊರತಂದ ‘ಫಿಡೆಂಝಾ’ವನ್ನು ಗಮನಿಸಿ. ತಳದಲ್ಲಿರುವುದು ಇದೇ ಹರಿವಿನ ಬಯಲು. ಆದರೆ ಗೆರೆಗಳು ದಪ್ಪ ಪಟ್ಟಿಗಳಾಗಿವೆ, ಹೆಚ್ಚಿನ ಕಡೆ ಒಂದನ್ನೊಂದು ತಾಗದೆ ಪಕ್ಕದಲ್ಲೇ ಸರಿದುಹೋಗುತ್ತವೆ, ಅಗಲದಲ್ಲಿ ಭಾರೀ ಅಂತರವಿದೆ, ಖಾಲಿ ಜಾಗಕ್ಕೂ ಬೆಲೆಯಿದೆ. ಒಂದೇ ಕೋಡಿನಿಂದ ಬಂದ 999 ಚಿತ್ರಗಳು ಅವು, ಕಲಾವಿದ ಆಮೇಲೆ ಕೂತು ಚೆನ್ನಾಗಿರುವುದನ್ನು ಆರಿಸಿದ್ದಲ್ಲ. ಹಾಗಾಗಿ ಕೆಟ್ಟ ಚಿತ್ರ ಬರುವ ದಾರಿಗಳನ್ನೆಲ್ಲ ಕೋಡಿನಲ್ಲೇ ಮುಚ್ಚಬೇಕಿತ್ತು. ಅದು ಎಂಥ ಶಿಸ್ತು ಎಂಬುದು ನಿಮ್ಮ ಕೋಡನ್ನು ಐವತ್ತು ಸಲ ಓಡಿಸಿ, ಐವತ್ತನ್ನೂ ಗೋಡೆಗೆ ಹಾಕಬಹುದೇ ಎಂದು ಕೇಳಿಕೊಂಡರೆ ತಿಳಿಯುತ್ತದೆ.

ಬಣ್ಣಕ್ಕೆ ಬರೋಣ, ಏಕೆಂದರೆ ಗಲಿಬಿಲಿಯ ಅರ್ಧ ಪಾಲು ಅಲ್ಲಿದೆ. ಕೆಂಪು, ಹಸಿರು, ನೀಲಿ ಮೂರಕ್ಕೂ 0ಯಿಂದ 255ರವರೆಗೆ ರ‍್ಯಾಂಡಮ್ ಕೊಟ್ಟರೆ ಸರಾಸರಿ ಬರುವುದು ನಡುಬೂದು. ಒಂದೊಂದು ಬಣ್ಣ ಬೇರೆಯಾದರೂ ದೂರ ನಿಂತು ನೋಡಿದರೆ ಎಲ್ಲ ಚಿತ್ರವೂ ಕೆಸರು. ಬಣ್ಣಗಳನ್ನು ನೀವೇ ಆರಿಸಿ, ಐದು ಸಾಕು, ಮತ್ತು ಅವುಗಳಿಗೆ ಸಮಪಾಲು ಕೊಡಬೇಡಿ. ಒಂದು ರ‍್ಯಾಂಡಮ್ ಸಂಖ್ಯೆ 0.6ಕ್ಕಿಂತ ಕಡಿಮೆಯಿದ್ದರೆ ಮಾಸಲು ಬಿಳಿ, 0.85ರವರೆಗೆ ಕಡುನೀಲಿ, 0.95ರವರೆಗೆ ಮಣ್ಣುಬಣ್ಣ, ಉಳಿದ ನೂರಕ್ಕೆ ಐದರಲ್ಲಿ ಕೆಂಪು ಮತ್ತು ಹಳದಿ. ಆ ಐದರಿಂದಾಗಿ ಉಳಿದ ತೊಂಬತ್ತೈದಕ್ಕೆ ಜೀವ ಬರುತ್ತದೆ. ಇನ್ನೂ ಒಂದು ಹೆಜ್ಜೆ: ಬಣ್ಣವನ್ನು ರ‍್ಯಾಂಡಮ್‌ಗೆ ಬಿಡುವ ಬದಲು ಜಾಗಕ್ಕೆ ಕಟ್ಟಿ. ಹರಿವಿನ ದಿಕ್ಕು ಇಂತಿಷ್ಟು ಮೀರಿದರೆ ಈ ಬಣ್ಣ, ಅಂಚಿನ ಹತ್ತಿರವಾದರೆ ಆ ಬಣ್ಣ ಎಂದು ಬರೆದಾಗ ಬಣ್ಣವೂ ಆಕಾರದ ಮಾತನ್ನೇ ಆಡತೊಡಗುತ್ತದೆ.

ಹೆಚ್‌ಎಸ್‌ಬಿ (ಬಣ್ಣವನ್ನು ವರ್ಣ, ಗಾಢತೆ, ಹೊಳಪು ಎಂದು ಅಳೆಯುವ ಪದ್ಧತಿ) ಬಳಸುವವರಿಗೆ ಒಂದು ಮಾತು. ಅದರಲ್ಲಿ ಬಣ್ಣವೃತ್ತದ 60 ಡಿಗ್ರಿಯ ಹಳದಿಗೂ 240 ಡಿಗ್ರಿಯ ನೀಲಿಗೂ ಹೊಳಪು 100 ಎಂದೇ ಬರೆದಿರುತ್ತದೆ. ಪರದೆಯಿಂದ ಕಣ್ಣಿಗೆ ಮುಟ್ಟುವ ಬೆಳಕಿನ ಲೆಕ್ಕದಲ್ಲಿ ಬಿಳಿಯನ್ನು 100 ಎಂದಿಟ್ಟರೆ ಆ ಹಳದಿ ಸುಮಾರು 93, ಆ ನೀಲಿ ಸುಮಾರು 7. ಹಾಗಾಗಿ ಬಣ್ಣದ ಕೋನವನ್ನಷ್ಟೇ ತಿರುಗಿಸುತ್ತ ಹೋದರೆ ಚಿತ್ರದಲ್ಲಿ ನಿಮಗೆ ಬೇಡದ ಕಡೆ ಗುಂಡಿ, ಬೇಡದ ಕಡೆ ಉಬ್ಬು ಕಾಣುತ್ತದೆ. ಕಣ್ಣಿನ ಗ್ರಹಿಕೆಗೆ ಹತ್ತಿರವಾದ ಬಣ್ಣದ ಅಳತೆಗಳಿವೆ. ಬ್ಯೋರ್ನ್ ಓಟೊಸನ್ 2020ರಲ್ಲಿ ಪ್ರಕಟಿಸಿದ ಓಕೆಲ್ಯಾಬ್, ಅದರಿಂದ ಬಂದ ಓಕೆಎಲ್‌ಸಿಹೆಚ್ ಈಗ ಬ್ರೌಸರ್‌ಗಳಲ್ಲೇ ಸಿಗುತ್ತವೆ. ಅಷ್ಟು ದೂರ ಹೋಗದಿದ್ದರೂ ಚಿಂತೆಯಿಲ್ಲ, ಚಿತ್ರವನ್ನು ಕಪ್ಪುಬಿಳುಪು ಮಾಡಿ ಒಮ್ಮೆ ನೋಡಿ. ಆಗಲೂ ನಿಂತರೆ ಬಣ್ಣದಲ್ಲೂ ನಿಲ್ಲುತ್ತದೆ.

ಸೀಡ್ ಬಗ್ಗೆ ಹೇಳದಿದ್ದರೆ ಈ ಉತ್ತರ ಅರ್ಧವಾದೀತು. ಕಂಪ್ಯೂಟರಿನ ರ‍್ಯಾಂಡಮ್ ಒಂದು ಲೆಕ್ಕಾಚಾರದ ಸರಣಿ. ಅದರ ಆರಂಭದ ಸಂಖ್ಯೆಯೇ ಸೀಡ್. ಅದು ಅದೇ ಆದರೆ ಇಡೀ ಸರಣಿ ಅದೇ. ರ‍್ಯಾಂಡಮ್‌ಸೀಡ್, ನಾಯ್ಸ್‌ಸೀಡ್ ಎರಡನ್ನೂ ಕೊಡಿ, ಆ ಸಂಖ್ಯೆಯನ್ನು ಉಳಿಸುವ ಕಡತದ ಹೆಸರಿನಲ್ಲೇ ಸೇರಿಸಿ. ಇಲ್ಲವಾದರೆ ಒಂದು ದಿನ ಅಪರೂಪದ ಚಿತ್ರ ಬಂದಿರುತ್ತದೆ, ಮರುಕ್ಷಣ ಕೈಬಿಟ್ಟು ಹೋಗುತ್ತದೆ. ಸೀಡ್ ಇದ್ದರೆ ಮೋಲ್ನಾರ್ ಮಾಡಿದಂತೆ ಮಾಡಬಹುದು: ಸೀಡ್ ಹಾಗೇ ಇಟ್ಟು ಒಂದೇ ಅಳತೆ ಬದಲಿಸಿ, ಒಂಬತ್ತು ಪುಟ್ಟ ಚಿತ್ರಗಳನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಇಟ್ಟು ನೋಡುವುದು. ಒಂದೊಂದಾಗಿ ನೋಡಿದಾಗ ಎಲ್ಲವೂ ಪರವಾಗಿಲ್ಲ ಎನಿಸುತ್ತವೆ. ಪಕ್ಕಪಕ್ಕ ಇಟ್ಟಾಗ ಯಾವುದು ಸತ್ತಿದೆ ಎಂದು ಕಣ್ಣು ತಕ್ಷಣ ಹೇಳುತ್ತದೆ.

ಇಲ್ಲೊಂದು ಸೂಕ್ಷ್ಮ. ಕೋಡಿನ ನಡುವೆ ಎಲ್ಲೋ ಒಂದು ಹೊಸ ರ‍್ಯಾಂಡಮ್ ಕರೆ ಸೇರಿಸಿದರೆ ಸರಣಿಯಲ್ಲಿ ಒಂದು ಸಂಖ್ಯೆ ಅಲ್ಲಿ ಖರ್ಚಾಗುತ್ತದೆ, ಅದರ ಮುಂದಿನದೆಲ್ಲ ಒಂದು ಸ್ಥಾನ ಸರಿಯುತ್ತದೆ. ಬಣ್ಣದಲ್ಲಿ ಚೂರು ಬದಲಿಸಲು ಹೋಗಿ ವೃತ್ತಗಳ ಜಾಗವೆಲ್ಲ ಬದಲಾಗುವುದು ಹೀಗೆ. ಮೊದಲು ಎಲ್ಲ ಜಾಗಗಳನ್ನೂ ಲೆಕ್ಕ ಹಾಕಿ ಒಂದು ಅರೇಯಲ್ಲಿ ತುಂಬಿಕೊಳ್ಳಿ, ಆಮೇಲೆ ಬೇರೆ ಸೀಡ್ ಕೊಟ್ಟು ಬಣ್ಣ ಹಂಚಿ. ಜೊತೆಗೆ, ಡ್ರಾ ಫಂಕ್ಷನ್ ಸೆಕೆಂಡಿಗೆ ಸುಮಾರು 60 ಸಲ ಓಡುತ್ತದೆ ಎಂಬುದು ನೆನಪಿರಲಿ. ನಿಶ್ಚಲ ಚಿತ್ರಕ್ಕೆ ಸೆಟಪ್‌ನಲ್ಲೇ ನೋಲೂಪ್ ಹಾಕಿಬಿಡಿ.

ಗಣಿತದ ಪ್ರಶ್ನೆಗೆ ಉತ್ತರ ಇಷ್ಟರಲ್ಲೇ ಸಿಕ್ಕಿರಬೇಕು. ಸೈನ್, ಕೊಸೈನ್, ಒಂದು ವ್ಯಾಪ್ತಿಯ ಸಂಖ್ಯೆಯನ್ನು ಇನ್ನೊಂದು ವ್ಯಾಪ್ತಿಗೆ ಹೊಂದಿಸುವುದು, ಎರಡು ಬೆಲೆಗಳ ನಡುವೆ ಸರಿಯುವುದು, ಭಾಗಾಕಾರದ ಶೇಷ. ಮೊದಲ ವರ್ಷಕ್ಕೆ ಇವು ಸಾಕು. ಗ್ರಾಫಿಕ್ಸ್ ಚಿಪ್ಪಿನಲ್ಲಿ ಓಡುವ ಶೇಡರ್, ಗಣಿತಜ್ಞ ಟ್ಯೂರಿಂಗ್ 1952ರಲ್ಲಿ ಬರೆದ ರಿಯಾಕ್ಷನ್ ಡಿಫ್ಯೂಷನ್ (ರಾಸಾಯನಿಕಗಳು ಹರಡಿ ಬೆರೆತು ವಿನ್ಯಾಸ ಮೂಡುವ ಲೆಕ್ಕ), ಇವೆಲ್ಲ ಅದ್ಭುತ ಲೋಕಗಳೇ. ಆದರೆ ನಿಮಗೆ ಬೇಕಾದ ಚಿತ್ರ ಅವನ್ನು ಕೇಳಿದಾಗ ಕಲಿಯಿರಿ. ಉಪಕರಣದ ವಿಷಯದಲ್ಲೂ ಅಲೆದಾಟ ಬೇಡ. ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಎಂಐಟಿಯಲ್ಲಿ ಶುರು ಮಾಡಿದ ಪ್ರೊಸೆಸಿಂಗ್, ಅದೇ ಮನೋಭಾವವನ್ನು ಬ್ರೌಸರಿಗೆ ತಂದ ಲಾರೆನ್ ಮೆಕಾರ್ಥಿಯವರ ಪಿ5, ಎರಡೂ ಕಲಾವಿದರಿಗೆಂದೇ ಕಟ್ಟಿದವು. ನೀವು ಸರಿಯಾದ ಜಾಗದಲ್ಲೇ ಇದ್ದೀರಿ.

ಕೈಯಲ್ಲಿ ಬಿಡಿಸಲು ಬಾರದಿದ್ದರೆ ಅಡ್ಡಿಯಿಲ್ಲ, ನೋಡಲು ಬಾರದಿದ್ದರೆ ಕಷ್ಟ. ನೋಡುವುದನ್ನು ಕಲಿಯಬಹುದು. ಕೋಡ್ ತೆರೆಯುವ ಮುನ್ನ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಮೂರು ಗೆರೆ ಎಳೆದಾದರೂ ದಟ್ಟ ಎಲ್ಲಿ, ಖಾಲಿ ಎಲ್ಲಿ ಎಂದು ಗುರುತು ಮಾಡಿಕೊಳ್ಳಿ. ಆ ಗೀಚು ಯಾರಿಗೂ ತೋರಿಸಲು ಅಲ್ಲ, ನಿಮ್ಮ ಲೂಪ್‌ಗಳಿಗೆ ಒಂದು ಗುರಿ ಇರಲಿ ಎಂದು.

ಇನ್ನು, ಇದು ನಿಮ್ಮ ಚಿತ್ರವೇ? ಅಮೆರಿಕದ ಕಲಾವಿದ ಸೋಲ್ ಲೆವಿಟ್ 1968ರಿಂದ ಗೋಡೆಚಿತ್ರಗಳಿಗೆ ಸೂಚನೆಗಳನ್ನು ಬರೆದುಕೊಟ್ಟರು, ಎಷ್ಟೋ ಗೋಡೆಗಳ ಮೇಲೆ ಬಿಡಿಸಿದವರು ಬೇರೆಯವರು. ಆ ಚಿತ್ರಗಳು ಲೆವಿಟ್ ಅವರದೇ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿದ್ದ ಮೈಕೆಲ್ ನೋಲ್ ಈ ಅನುಮಾನವನ್ನು ಇನ್ನೊಂದು ಕಡೆಯಿಂದ ಪರೀಕ್ಷಿಸಿದರು. ಡಚ್ ಕಲಾವಿದ ಮೊಂಡ್ರಿಯನ್ 1917ರಲ್ಲಿ ಮಾಡಿದ, ಪುಟ್ಟ ಪುಟ್ಟ ಕಪ್ಪು ಗೆರೆಗಳ ಒಂದು ಚಿತ್ರವಿದೆ. ಅದೇ ಬಗೆಯದನ್ನು ನೋಲ್ 1964ರಲ್ಲಿ ಕಂಪ್ಯೂಟರಿನಿಂದ ಮಾಡಿದರು. ಎರಡರ ಪ್ರತಿಗಳನ್ನೂ ತಮ್ಮ ಸಂಸ್ಥೆಯ 100 ಜನರ ಮುಂದಿಟ್ಟಾಗ ಕಂಪ್ಯೂಟರಿನದು ಯಾವುದೆಂದು ಸರಿಯಾಗಿ ಹೇಳಿದವರು 28 ಜನ ಮಾತ್ರ, ಕಂಪ್ಯೂಟರಿನದೇ ಹೆಚ್ಚು ಇಷ್ಟ ಎಂದವರು 59 ಜನ. ಯಂತ್ರ ಮೊಂಡ್ರಿಯನ್‌ಗಿಂತ ದೊಡ್ಡ ಕಲಾವಿದ ಎಂದು ಇದರರ್ಥವಲ್ಲ. ಗೆರೆ ಎಷ್ಟು ಉದ್ದ, ಎಷ್ಟು ದಪ್ಪ, ಅಂಚಿನ ಹತ್ತಿರ ಏನಾಗಬೇಕು ಎಂದು ನೋಲ್ ಮೊಂಡ್ರಿಯನ್ ಅವರ ಚಿತ್ರವನ್ನು ಚೆನ್ನಾಗಿ ಓದಿ ಕೋಡಿಗೆ ಹೇಳಿಕೊಟ್ಟಿದ್ದರು. ಮಾಲೀಕತ್ವ ಬರುವುದು ಹಾಗೆ ಓದಿ, ಹೇಳಿಕೊಟ್ಟು, ಬಂದದ್ದರಲ್ಲಿ ಆರಿಸಿ, ಉಳಿದದ್ದನ್ನು ಅಳಿಸಿದ್ದರಿಂದ. ಒಂದು ವಾಕ್ಯ ಬರೆದು ಎಐ ಚಿತ್ರ ತರಿಸುವುದಕ್ಕೂ ಇದಕ್ಕೂ ಅಂತರವಿರುವುದೂ ಅಲ್ಲೇ. ನಿಮ್ಮ ಚಿತ್ರದಲ್ಲಿ ಒಂದು ಗೆರೆ ಯಾಕೆ ಅಲ್ಲಿದೆ ಎಂದು ಯಾರಾದರೂ ಕೇಳಿದರೆ ಆ ಸಾಲನ್ನು ತೆರೆದು ಬೆರಳಿಟ್ಟು ತೋರಿಸಬಲ್ಲಿರಿ.

ಕೊನೆಗೆ ಮುದ್ರಣ. ಎ3 ಕಾಗದ 297ಕ್ಕೆ 420 ಮಿಲಿಮೀಟರ್. ಇಂಚಿಗೆ 300 ಚುಕ್ಕೆಯಂತೆ ಅದಕ್ಕೆ 3508ಕ್ಕೆ 4961 ಪಿಕ್ಸೆಲ್ ಬೇಕು. ನೀವು ಪರದೆಗೆಂದು 800 ಪಿಕ್ಸೆಲ್ ಅಗಲದಲ್ಲಿ ಬರೆದ ಕೋಡಿನಲ್ಲಿ ಗೆರೆಯ ದಪ್ಪ 2 ಎಂದು ಅಂಕಿಯಲ್ಲೇ ಇದೆ. ಕ್ಯಾನ್ವಾಸ್ ನಾಲ್ಕು ಪಟ್ಟು ಮೀರಿ ಬೆಳೆದರೂ ಆ 2 ಹಾಗೇ ಉಳಿಯುತ್ತದೆ. ಗೆರೆ ಕೂದಲಾಗುವುದು ಇದರಿಂದ. ಗೆರೆಯ ದಪ್ಪ, ಹೆಜ್ಜೆಯ ಉದ್ದ, ಅಂಚು, ವೃತ್ತದ ಗಾತ್ರ ಎಲ್ಲವನ್ನೂ ಕ್ಯಾನ್ವಾಸಿನ ಅಗಲದ ಇಂತಿಷ್ಟು ಪಾಲು ಎಂದು ಬರೆಯಿರಿ. 2 ಬದಲು ಅಗಲವನ್ನು 400ರಿಂದ ಭಾಗಿಸಿದ್ದು ಎಂದಾಗ, 800ರಲ್ಲಿ 2 ಇದ್ದದ್ದು 3508ರಲ್ಲಿ 8.77 ಆಗುತ್ತದೆ. ನಾಯ್ಸ್‌ನ 0.005 ಕೂಡ ಇದೇ ರೀತಿ: 4ನ್ನು ಅಗಲದಿಂದ ಭಾಗಿಸಿ ಎಂದು ಬರೆಯಿರಿ. ಅದನ್ನು ಮರೆತರೆ ದೊಡ್ಡ ಹಾಳೆಯಲ್ಲಿ ಸುಳಿಗಳ ಸಂಖ್ಯೆಯೇ ಹೆಚ್ಚಿ ಬೇರೊಂದು ಚಿತ್ರ ಬರುತ್ತದೆ. ಉದ್ದಗಲದ ಅನುಪಾತ ಎರಡೂ ಕಡೆ ಒಂದೇ ಇರಲಿ. ಮುದ್ರಣದ ಕಡತ ಉಳಿಸುವಾಗ, ಕ್ಯಾನ್ವಾಸಿನ ಒಂದು ಪಿಕ್ಸೆಲಿಗೆ ಪರದೆಯ ಎಷ್ಟು ಪಿಕ್ಸೆಲ್ ಎಂದು ಹೇಳುವ ಪಿಕ್ಸೆಲ್‌ಡೆನ್ಸಿಟಿಯನ್ನು 1ಕ್ಕೆ ಇಳಿಸಿಕೊಳ್ಳಿ, ಇಲ್ಲವಾದರೆ ಕೆಲವು ಪರದೆಗಳಲ್ಲಿ ಎರಡು ಪಟ್ಟು ಅಗಲದ ಕಡತ ಉಳಿದು ಬ್ರೌಸರ್ ಹೆಣಗಾಡುತ್ತದೆ. ಬರೀ ಗೆರೆಗಳ ಚಿತ್ರವಾದರೆ ಪಿಕ್ಸೆಲ್‌ನ ಗೊಡವೆಯೇ ಬೇಡ, ಗೆರೆಗಳನ್ನು ಗಣಿತದ ರೂಪದಲ್ಲೇ ಇಡುವ ಎಸ್‌ವಿಜಿಯಾಗಿ ಉಳಿಸಿ. ಅದು ಯಾವ ಗಾತ್ರಕ್ಕಾದರೂ ಹಿಗ್ಗುತ್ತದೆ, ಪೆನ್ನು ಹಿಡಿದು ಕಾಗದದ ಮೇಲೆ ಬರೆಯುವ ಪ್ಲಾಟರ್ ಯಂತ್ರಕ್ಕೂ ಹೊಂದುತ್ತದೆ. ನೀಸ್ ಮತ್ತು ಮೋಲ್ನಾರ್ ಅವರ ಗೆರೆಗಳು ಕಾಗದಕ್ಕಿಳಿದದ್ದೂ ಪ್ಲಾಟರಿನಿಂದಲೇ.